ಹತ್ತಿಗೆ ಸಿಗದ ಮುಳ್ಳು

ಎತ್ತರವೆಂದರೆ ನನಗೆ ಹುಟ್ಟಿನಿಂದಲೂ ಭಯ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಮಾಳಿಗೆಯ ಸಂಡಿಗೆ ಕಾಯಲು ಕೂಡ ನಾನು ಹತ್ತಿದವನಲ್ಲ. ಹೆದರುವವರ ಮೇಲೆ ಹಾವು ಎಸೆದಂತೆ, ಸರ್ಕಾರ ನನ್ನನ್ನು ಓವರ್‌ಸಿಯರ್ ಮಾಡಿ, ಸಿರುಗುಪ್ಪದ ಹತ್ತಿರ ಹೊಳೆಯ ಮೇಲಿದ್ದ ತೂಗುಸೇತುವೆಯ ಉಸ್ತುವಾರಿಯನ್ನು ತಲೆಗೆ ಕಟ್ಟಿತು. ಎಪ್ಪತ್ತೈದನೆಯ ಇಸವಿಯ ಮಾತು. ನಡುಗಡ್ಡೆಯ ಜನಕ್ಕೆ ಪೇಟೆಗೆ, ಮಕ್ಕಳಿಗೆ ಶಾಲೆಗೆ ಅದೊಂದೇ ದಾರಿ. ನನಗಿಂತ ಮುಂಚಿನವರು ದಡದಲ್ಲಿ ನಿಂತು ಕಣ್ಣಲ್ಲೇ ಸೇತುವೆ ದಾಟಿ ತಪಾಸಣೆಯ ಸಹಿ ಹಾಕುತ್ತಿದ್ದರಂತೆ. ಪುಣ್ಯವಂತರು!

ನಾನು ಹಲಗೆ ನೋಡಲು ಹೋದಾಗಲೆಲ್ಲ ಮಕ್ಕಳಿಗೆ ಹಬ್ಬ. ಬೇಕೆಂದೇ ಕುಣಿದು ಸೇತುವೆ ತೂಗುತ್ತಿದ್ದರು. “ನಿಲ್ರೋ, ಬೀಳತೈತಿ!” ಎಂದು ನಾನು ಅರಚಿದಷ್ಟೂ ಅವರಿಗೆ ನಗು. ದಿನಾ ಮೊಸರು ಮಾರಲು ಹೋಗುವ ಹೊನ್ನೂರಮ್ಮ ತಲೆಯ ಮೇಲಿನ ಗಡಿಗೆಗೂ ಕೈ ಹಚ್ಚದೆ, ಪಕ್ಕದ ಕೇಬಲನ್ನೂ ಮುಟ್ಟದೆ ನಡೆಯುತ್ತಿದ್ದಳು. ಅವಳೂ ನಗುತ್ತಿದ್ದಳು.

ಆ ಶನಿವಾರ ಕೇಬಲ್ ಪರೀಕ್ಷೆ. ಹೊಳೆ ಕೆಂಪಾಗಿ, ದಡ ತುಂಬಿ ಹರಿಯುತ್ತಿತ್ತು. ಕೆಲಸವೇನೋ ಸುಲಭದ್ದು. ಹಿಡಿ ಹತ್ತಿಯನ್ನು ಕೇಬಲಿನ ಮೇಲೆ ಸವರಿಕೊಂಡು ಹೋಗಬೇಕು; ಎಲ್ಲಾದರೂ ತಂತಿಯ ಎಳೆ ಹರಿದು ಎದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಕೆಳಗೆ ನೋಡದೆ, ರಾಯರ ಹೆಸರು ಹೇಳುತ್ತ ಸೇತುವೆಯ ನಡುವಿನವರೆಗೆ ಹೋದೆ. ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೇಬಲ್ ಸೊಂಟದ ಮಟ್ಟಕ್ಕೆ ಇಳಿಯುವ ಆ ಜಾಗದಲ್ಲಿ ಮಾತ್ರ ಕೈಗೆ ದಪ್ಪನೆಯ ಬಟ್ಟೆಯ ಸುತ್ತು ತಗುಲಿತು.

“ಅದು ನಾನಽ ಸುತ್ತಿದ್ದು ಸಾಹೇಬ್ರ,” ಎಂದಳು ಹೊನ್ನೂರಮ್ಮ. ಗಡಿಗೆ ಹೊತ್ತು ನಡುಗಡ್ಡೆಯ ಕಡೆಯಿಂದ ಬಂದಿದ್ದಳು. “ನಮ್ಮ ಮೊಮ್ಮಗಳು ಜಂಬಿ ಕೈಗೆ ಈ ತಂತಿ ಮುಳ್ಳು ಚುಚ್ಚಿದಂಗ ಚುಚ್ಚಿತ್ತು. ಮೊದಲ ಒಂದು ಚಿಂದಿ ಸಾಕಾಗಿತ್ರಿ. ಮತ್ತ ಮುಳ್ಳು ಎದ್ದುವು, ಆಮ್ಯಾಲ ಅರ್ಧ ಸೀರಿ. ಈ ಸಲ ಇಡೀ ಸೀರಿನಽ ಬೇಕಾತು ನೋಡ್ರಿ.”

ಕೇಬಲಿಗೆ ಸುತ್ತಿದ್ದ ಸೀರೆಯನ್ನು ಸರಸರನೆ ಬಿಚ್ಚಿದೆ. ಮಳೆನೀರು ಕುಡಿದು ಕೂತಿದ್ದ ಬಟ್ಟೆಯಿಂದ ತುಕ್ಕಿನ ನೀರು ಇಳಿಯಿತು. ಒಳಗೆ ಕೇಬಲನ್ನು ತುಕ್ಕು ತಿಂದು, ಕೈಬೆರಳಿನಷ್ಟು ದಪ್ಪ ಮಾತ್ರ ಉಳಿದಿತ್ತು. ನಾವು ನೋಡುತ್ತಿದ್ದಂತೆಯೇ ಇನ್ನೊಂದು ಎಳೆ ಟಣ್ ಎಂದು ಹರಿಯಿತು.

ಅಷ್ಟರಲ್ಲಿ ಸಿರುಗುಪ್ಪದ ಕಡೆಯಿಂದ ಕೇಕೆ ಕೇಳಿಸಿತು. ಬೆಳಗಿನ ಶಾಲೆ ಬಿಟ್ಟಿತ್ತು.

“ಓವರ್‌ಸೇರ್ರು ನಡುವ ಅದಾರಲೇ! ತೂಗ್ರಲೇ!”

ಮಕ್ಕಳು ಸೇತುವೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಜಂಬಿ. “ಬರಬ್ಯಾಡ್ರೋ! ಖರೇನಽ ಬೀಳತೈತಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರು ಬಿದ್ದು ಬಿದ್ದು ನಕ್ಕರು. ದಿನವೂ ಕೂಗುವುದನ್ನೇ ಕೂಗಿದರೆ ಯಾರು ನಂಬುತ್ತಾರೆ? ಹಲಗೆಗಳು ಏಳತೊಡಗಿದವು. ಇಷ್ಟು ಮಕ್ಕಳು ನನ್ನ ಕಣ್ಣೆದುರೇ ಹೊಳೆಯ ಪಾಲಾಗುತ್ತಾರೆ ಎಂದುಕೊಂಡೆ.

ಪಕ್ಕದಲ್ಲಿ ಗಡಿಗೆ ಒಡೆದ ಸದ್ದಾಯಿತು. ಹೊನ್ನೂರಮ್ಮ ಎರಡೂ ಕೈಯಿಂದ ಆಚೆ ಬದಿಯ ಕೇಬಲನ್ನು ತಬ್ಬಿ, ಮೊಣಕಾಲೂರಿ, “ಜಂಬೀ!” ಎಂದು ಚೀರಿದಳು.

ಜಂಬಿ ನಿಂತಳು. ಅವಳ ನಗು ಹಾರಿಹೋಯಿತು.

“ಅಜ್ಜಿ ಅಂಜ್ಯಾಳಲೇ! ಹಿಂದಕ ಸರೀರಿ, ಮೆಲ್ಲಕ!”

ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಮೇಲೆ ಹೊನ್ನೂರಮ್ಮನನ್ನು ಮೊದಲು ಕಳಿಸಿದೆ. ಅವಳು ದಡ ಮುಟ್ಟಿದ ಮೇಲೆ, ಜೀವ ಕೈಯಲ್ಲಿ ಹಿಡಿದು ನಾನೂ ಹಲಗೆ ಹಲಗೆಗೂ ನಿಂತು ನಿಂತು ಬಂದೆ.

ದಡದಲ್ಲಿ ಅವಳು ಜಂಬಿಯ ಅಂಗೈಯನ್ನು ಬಿಡಿಸಿ ಸವರುತ್ತಿದ್ದಳು. ಅಲ್ಲಿ ಗಾಯದ ಗುರುತೂ ಇರಲಿಲ್ಲ.

“ನಾ ಮುಳ್ಳು ಮುಚ್ಚೀನಿ ಅಂತ ತಿಳಕೊಂಡಿದ್ದೆರಿ ಸಾಹೇಬ್ರ,” ಎಂದಳು.

ನನ್ನ ಕೈಯಲ್ಲಿ ಹತ್ತಿ ಇನ್ನೂ ಇಡಿಯಾಗಿಯೇ ಇತ್ತು; ಅದಕ್ಕೂ ಆ ಮುಳ್ಳು ಸಿಕ್ಕಿರಲಿಲ್ಲ. ಮಣ್ಣಿನ ಮೇಲೆ ಕುಸಿದು ಕೂತೆ. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅಂದು ಒಬ್ಬರೂ ನಗಲಿಲ್ಲ.