ನಾಲ್ಕನೇ ಗಲ್ಲಾದಲ್ಲಿ ಕಪ್ಪು ಬಟ್ಟೆ

ಗಂಡನನ್ನು ಮಣ್ಣು ಮಾಡಿದ ಹತ್ತನೇ ದಿನಕ್ಕೆ ನೊಜುಕೊ ಕೆಲಸಕ್ಕೆ ಮರಳಿದಳು. ತಲೆವಸ್ತ್ರದಿಂದ ಪಾದದವರೆಗೂ ಕಪ್ಪು. ನಮ್ಮ ಬಟರ್‌ವರ್ತ್ ಊರಿಗೆ ಇದು ಹೊಸದೇನಲ್ಲ. ವಿಧವೆ ಒಂದು ವರ್ಷ ಕಪ್ಪು ಉಡಬೇಕು; ನಡುವೆ ಬಿಚ್ಚಿಟ್ಟರೆ ಗಂಡನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ನಮ್ಮ ದಿನಸಿ ಅಂಗಡಿಯಲ್ಲಿ ಗಲ್ಲಾದವರಿಗೆಲ್ಲ ಕೆಂಪು ಅಂಗಿ, ಕೆಂಪು ಟೋಪಿ.

ಮಾಲೀಕ ಫೆರೇರಾ ತಲೆ ಕೆರೆದುಕೊಂಡ. "ಒಳಗೆ ಕಪ್ಪು, ಮೇಲೆ ಕೆಂಪು ಹಾಕ್ಕೊಳಮ್ಮ. ದೇವರಿಗೆ ಒಳಗಿರೋದೂ ಕಾಣುತ್ತೆ."

"ದೇವರಿಗೆ ಕಾಣುತ್ತೆ ಸಾರ್. ನಮ್ಮತ್ತೆಗೆ ಕಾಣಲ್ಲ," ಎಂದಳು ನೊಜುಕೊ. ಶೋಕದಲ್ಲಿರುವವಳು ದನಿ ಏರಿಸಬಾರದು, ಏರಿಸಲಿಲ್ಲ.

ಸಂಜೆಯೊಳಗೆ ಪತ್ರ ಬಂತು: ಸಮವಸ್ತ್ರ ಇಲ್ಲದಿದ್ದರೆ ಕೆಲಸವೂ ಇಲ್ಲ.

ಆ ಅಂಗಡಿಯಲ್ಲಿ ಕಾರ್ಮಿಕ ಸಂಘದ ಪ್ರತಿನಿಧಿ ನಾನು. ಶೋಕದ ಉಡುಪು ಸಂವಿಧಾನ ಅವಳಿಗೆ ಕೊಟ್ಟ ಹಕ್ಕು ಎಂದು, ಕೆಲಸದ ತಕರಾರು ತೀರಿಸುವ ಆಯೋಗಕ್ಕೆ ಅರ್ಜಿ ಹಾಕಿದೆವು. ವಿಚಾರಣೆಯ ದಿನ ಫೆರೇರಾ, ಮನೆಯಲ್ಲಿ ಒಬ್ಬಳೇ ಇರಲೊಲ್ಲದ ತನ್ನ ಮುದಿ ತಾಯಿಯನ್ನೂ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ.

"ಸಂವಿಧಾನ ಇರೋದು ಸರ್ಕಾರನ ಹಿಡಿಯೋಕೆ ಅಲ್ವಾ ಮೇಡಂ?" ಎಂದು ಅವನು ಆಯೋಗದ ಅಧಿಕಾರಿ ಪೀಟರ್ಸೆನ್‌ರನ್ನು ಕೇಳಿದ. "ನಂದು ಖಾಸಗಿ ಕಂಪನಿ. ಜೋಳದ ಹಿಟ್ಟು ಮಾರ್ತೀನಿ."

ನಾನು ಹಳೆಯ ಪತ್ರಿಕೆಯ ತುಣುಕೊಂದನ್ನು ಮುಂದಿಟ್ಟೆ. ಪೀಟರ್ಸೆನ್ ಕನ್ನಡಕ ಏರಿಸಿ ಓದಿದರು.

"ಹೋದ ವರ್ಷ ಪುರಸಭೆಯವರು ನಿಮ್ಮ ಬೋರ್ಡು ಕಿತ್ತಾಗ, ಕಂಪನಿಗೂ ಮಾತಾಡೋ ಹಕ್ಕಿದೆ ಅಂತ ಕೋರ್ಟಿಗೆ ಹೋಗಿದ್ರಾ?"

"ಗೆದ್ದೆ ಕೂಡ," ಎಂದ ಫೆರೇರಾ, ಎದೆಯುಬ್ಬಿಸಿ.

"ಅಂದ್ರೆ ಹಕ್ಕು ಕೇಳೋವಾಗ ನಿಮ್ಮ ಕಂಪನಿ ಮನುಷ್ಯ. ಇವಳ ಹಕ್ಕು ಬಂದಾಗ ಬರೀ ಜೋಳದ ಹಿಟ್ಟು."

ಅಧಿಕಾರಿಯ ಕಣ್ಣು ಹಿಂದಿನ ಬೆಂಚಿಗೆ ಹೋಯಿತು.

"ಆ ಕಪ್ಪುಟ್ಟಿರೋ ಅಜ್ಜಿ ಯಾರು?"

"ನಮ್ಮಮ್ಮ. ಅಪ್ಪ ಹೋದಾಗಿಂದ ಹಾಗೇ, ಇಪ್ಪತ್ತೆರಡು ವರ್ಷ. ನಮ್ಮ ಪೋರ್ಚುಗೀಸರಲ್ಲಿ ವಯಸ್ಸಾದವರು ಬಿಚ್ಚೋದೇ ಇಲ್ಲ."

"ಮತ್ತೆ?"

"ಅದು ನಮ್ಮಮ್ಮ, ಮೇಡಂ. ಕಂಪನಿಗೆ ಅಮ್ಮ ಇಲ್ಲ."

ತೀರ್ಪು ಎರಡು ವಾರಕ್ಕೆ ಬಂತು. ನೊಜುಕೊ ಗಲ್ಲಾಕ್ಕೇ ಮರಳಬೇಕು; ಕಪ್ಪು ಬಟ್ಟೆಯ ಮೇಲೆ ಅಂಗಡಿಯ ಹೆಸರಿನ ಬಿಲ್ಲೆಯಿದ್ದರೆ ಸಾಕು.

ತಿಂಗಳ ಕೊನೆ. ಪಿಂಚಣಿಯವರೆಲ್ಲ ಸಾಮಾನಿಗೆ ಬರುವ ದಿನ. ಮೂರು ಗಲ್ಲಾಗಳ ಮುಂದೆ ಸಾಲು ಬಾಗಿಲು ದಾಟಿತ್ತು. ನಾಲ್ಕನೆಯದರ ಮುಂದೆ ಒಬ್ಬರೂ ಇಲ್ಲ. ಬಂದ ಒಬ್ಬ ಮುದುಕಿಯೂ ಗಾಡಿ ತಿರುಗಿಸಿ ಪಕ್ಕದ ಸಾಲಿಗೆ ಹೊರಟಳು. "ಬೇಜಾರಾಗಬೇಡ ಮಗಳೇ. ನಿನ್ನ ಕೈಯಿಂದ ತಗೊಂಡ್ರೆ ಆ ಸಾವಿನ ನೆರಳು ನಮ್ಮನೆಗೆ ಬರುತ್ತೆ."

ಫೆರೇರಾ ನನ್ನ ಪಕ್ಕ ಬಂದು ನಿಂತ. "ನೋಡಿದ್ಯಾ? ಇವರಿಗೆ ಯಾವ ಸಂವಿಧಾನ ಓದಿಸ್ತೀಯ? ಇನ್ನೊಂದು ಗಂಟೆ ನೋಡ್ತೀನಿ. ಆಮೇಲೆ ಅವಳಿಗೆ ಹಿಂದಿನ ಗೋದಾಮು, ಅದೇ ಸಂಬಳ."

ತೀರ್ಪು ಕಂಪನಿಗೆ ಅನ್ವಯಿಸುತ್ತಿತ್ತು, ಗಿರಾಕಿಗಳಿಗೆ ಅಲ್ಲ.

ನೊಜುಕೊ ಎದ್ದಳು. ಪಾತ್ರೆಗಳ ಸಾಲಿಗೆ ಹೋಗಿ, ಬಿಳಿಯ ಎನಾಮೆಲ್ ತಟ್ಟೆಯೊಂದನ್ನು ತಂದು ಗಲ್ಲಾದ ಮೇಲಿಟ್ಟು ಕೂತಳು. ಸಾಲಿನಲ್ಲಿದ್ದ ಹೆಂಗಸರಿಗೆ ಅರ್ಥವಾಯಿತು: ಕೈಯಿಂದ ಕೈಗೆ ಏನೂ ಹೋಗುವುದಿಲ್ಲ. ಆ ಮುದುಕಿಯೇ ಗಾಡಿ ಹಿಂದಕ್ಕೆ ತಿರುಗಿಸಿ, ನೋಟನ್ನು ತಟ್ಟೆಗೆ ಹಾಕಿದಳು. ಚಿಲ್ಲರೆ ತಟ್ಟೆಗೆ ಬಂತು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಐವರು.

ಫೆರೇರಾ ಗಲ್ಲಾದ ಬಳಿಗೆ ಹೋದ. ನಾನೂ ಬೆನ್ನಿಗೇ ಹೋದೆ. ಅವನು ತಟ್ಟೆಯನ್ನು ಎತ್ತಿಕೊಂಡ, ತಳ ನೋಡಿದ, ಉಗುರಿನಿಂದ ಬೆಲೆಯ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ತಟ್ಟೆಯನ್ನು ಇದ್ದಲ್ಲೇ ಇಟ್ಟ.