ನೆಂಟರಿಲ್ಲದ ಜಾಗ

"ಇನ್ನೊಂದು ಉಂಡಿ ಹಿಟ್ಟೈತಿ, ಅಷ್ಟು ಮುಗಿಸಿಬಿಡವ್ವ. ನಿನ್ನ ಕೈಯಾಗ ಎಳಿ ಎಷ್ಟು ಸಣ್ಣಗ ಬರ್ತಾವ ನೋಡು," ಎಂದು ಅಕ್ಕನಾಗಮ್ಮ ನಾದಿದ ಹಿಟ್ಟನ್ನು ಕೊಟ್ರಬಸಮ್ಮನ ಮುಂದಿಟ್ಟಳು.

ತೆಕ್ಕಲಕೋಟೆಯ ಗಂಡನ ಅಕ್ಕನ ಮನೆಯ ಪಡಸಾಲೆಯಲ್ಲಿ ಕೊಟ್ರಬಸಮ್ಮ ಬೆಳಗಿನಿಂದ ಶಾವಿಗೆ ಮಣೆಯ ಮೇಲೆ ಕುಳಿತಿದ್ದಳು. ಅಂಗೈ ಕೆಂಪಾಗಿತ್ತು. ಅವಳನ್ನು ಬಿಜಾಪುರಕ್ಕೆ ಕರೆದೊಯ್ಯಬೇಕಾಗಿದ್ದ ಜೀಪು ಅಂಗಳದಲ್ಲಿ ಇರಲಿಲ್ಲ. ಅಕ್ಕನಾಗಮ್ಮನ ಗಂಡ ಹತ್ತಿ ಬೀಜದ ಚೀಲ ತರಲೆಂದು ಅದನ್ನು ಒಯ್ದಿದ್ದ.

ಗೋಳಗುಮ್ಮಟ ನೋಡಬೇಕೆಂಬುದು ಅವಳ ಹಳೆಯ ಆಸೆ. ಏಳನೆಯ ತರಗತಿಯ ಹುಡುಗಿಯರೆಲ್ಲ ಅಲ್ಲಿಗೆ ಪ್ರವಾಸ ಹೋದ ವಾರವೇ ಗಂಡ ಗವಿಸಿದ್ದಪ್ಪನ ಕಡೆಯವರು ಅವಳನ್ನು ಹೆಣ್ಣು ನೋಡಲು ಬಂದಿದ್ದರು. ತರಗತಿಯಲ್ಲಿ ಹೋಗದೆ ಉಳಿದವಳು ಅವಳೊಬ್ಬಳೇ. ಗವಿಸಿದ್ದಪ್ಪ ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಾಲಾ ಮಾಸ್ತರ. ೧೯೮೧ರ ಈ ಬೇಸಿಗೆ ರಜೆಗೆ ಅವನು, ತಾನು ಮನೆಪಾಠ ಹೇಳುತ್ತಿದ್ದ ಹತ್ತಿ ಗಿರಣಿ ಸಾಹುಕಾರರ ಜೀಪನ್ನು ಚಾಲಕನ ಸಮೇತ ಕೇಳಿ ಪಡೆದಿದ್ದ. ಪೆಟ್ರೋಲು ಮಾತ್ರ ಇವರದು. ಹೋಟೆಲಿನ ಖರ್ಚು ತಪ್ಪಿಸಲು ಹೊಸಪೇಟೆಯ ನೇರ ದಾರಿ ಬಿಟ್ಟು, ನೆಂಟರಿರುವ ಊರುಗಳ ಮೂಲಕ ಹೋಗುವುದೆಂದು ನಿಶ್ಚಯಿಸಿದ್ದ. ಹಾಗೆ ಹೋದರೆ ದಾರಿಯ ಪ್ರತಿ ಊಟಕ್ಕೂ ಒಂದು ಮನೆಯಿತ್ತು. ಪ್ರತಿ ಮನೆಯಲ್ಲೂ ಒಂದು ಒಲೆಯಿರುತ್ತದೆ, ಬಂದ ಸೊಸೆ ಅದರ ಮುಂದೆ ಕೂರದೆ ಇರುವಂತಿಲ್ಲ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಕುರುಗೋಡಿನ ಸೋದರಮಾವನ ಮನೆಯಲ್ಲಿ ಅವಳು ರೊಟ್ಟಿ ಬಡಿದಳು. ಬಾದನಹಟ್ಟಿಯಲ್ಲಿ ಸಂಡಿಗೆ ಇಟ್ಟಳು. ಇಲ್ಲಿ ಶಾವಿಗೆ.

ಸಂಜೆ ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದವಳ ಬಳಿಗೆ ಗಂಡ ಬಂದ.

"ನಾಳಿ ಸಿರುಗುಪ್ಪಿಗಿ ಹೊಂಡೂಣು. ಚನ್ನವೀರಮ್ಮ ಚಿಗವ್ವ ಹಾದಿ ನೋಡ್ತಿರ್ತಾಳ."

"ಅಲ್ಲಿ ನಾನೇನು ಮಾಡಬೇಕ್ರಿ?"

"ಏನೈತಿ ಮಾಡಾಕ? ಒಂದು ರಾತ್ರಿ ಮಲಗೂದು, ಏಳೂದು."

"ಹಪ್ಪಳ ಉಳದಾವು," ಎಂದಳು ಕೊಟ್ರಬಸಮ್ಮ.

ಅವನು ನಕ್ಕ. ಅವಳು ನಗಲಿಲ್ಲ.

ಮರುದಿನ ಸಿರುಗುಪ್ಪದಲ್ಲಿ ಜೀಪು ನಿಲ್ಲುತ್ತಿದ್ದಂತೆ ಚನ್ನವೀರಮ್ಮ ನೀರಿನ ತಂಬಿಗೆ ಹಿಡಿದು ಹೊರಬಂದಳು. "ಬರ್ರಿ, ಬರ್ರಿ. ಉದ್ದಿನ ಹಿಟ್ಟು ನಾದಿ ಇಟ್ಟೀನಿ. ನಮ್ಮ ಬಸಮ್ಮ ಬರೂ ತನಕ ಹಪ್ಪಳಕ್ಕ ಕೈ ಹಚ್ಚಬಾರದು ಅಂತ ಸುಮ್ಮನ ಕುಂತೀನಿ."

ಗವಿಸಿದ್ದಪ್ಪ ಇಳಿದ. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರ ನಡುವೆ ಕುಳಿತಿದ್ದ ಕೊಟ್ರಬಸಮ್ಮ ಅಲುಗಾಡಲಿಲ್ಲ.

"ಇಳಿಯಲ್ಲಾ?"

"ಬಿಜಾಪುರದಾಗ ಇಳೀತೀನಿ."

"ಹುಚ್ಚರಂಗ ಮಾಡಬ್ಯಾಡ. ಓಣಿ ಮಂದಿ ನೋಡಾಕತ್ತಾರ."

"ನೋಡ್ಲಿ. ನಾನೂ ಏನರ ನೋಡಾಕಂತನ ಬಂದೀನಿ."

ಚಾಲಕ ಎರ್ರಣ್ಣ ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತ ಹೇಳಿದ: "ಅಮ್ಮಾ, ಅಷ್ಟು ದೂರ ಇದು ಹೋಗಾಂಗಿಲ್ಲ. ಕುರುಗೋಡಿನ್ಯಾಗ ಮಾವನವರನ್ನ ಹೊಲಕ್ಕ ಒಯ್ದು, ಭಾವನವರ ಚೀಲ ಹೊತ್ತು ಪೆಟ್ರೋಲು ತಳ ಕಂಡೈತಿ. ತಿರುಗಿ ಬಳ್ಳಾರಿ ಮುಟ್ಟಿದ್ರ ನಮ್ಮ ಪುಣ್ಯ. ಮಾಸ್ತರಿಗೆ ನಿನ್ನೇನ ಹೇಳೀನಿ. ಮತ್ತ ಹಾಕ್ಸಾಕ ರೊಕ್ಕ ಇಲ್ಲ ಅಂದ್ರು."

ಕೊಟ್ರಬಸಮ್ಮ ಗಂಡನತ್ತ ತಿರುಗಿದಳು. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ.

"ನಿನ್ನೇನ ಗೊತ್ತಿತ್ತಾ ನಿಮಗ?"

"ಬರೂ ವರ್ಷ ನೆಟ್ಟಗ ಹೊಸಪೇಟಿ ಮ್ಯಾಲ..."

ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. "ಎರ್ರಣ್ಣ, ಇರೂ ಪೆಟ್ರೋಲಿನ್ಯಾಗ ನಮ್ಮ ನೆಂಟರು ಯಾರೂ ಇಲ್ಲದ ಜಾಗಕ್ಕ ಗಾಡಿ ಹೊಡಿ."

ಎರ್ರಣ್ಣ ನಿಜವಾಗಿಯೂ ಯೋಚಿಸಿದ. "ಈ ಕಡಿ ಅಂಥ ಊರು ಎಲ್ಲೈತಮ್ಮಾ? ಹೊಳಿ ದಂಡಿ ಒಂದ."

"ಅಲ್ಲಿಗೇ ನಡಿ."

ಜೀಪು ಶುರುವಾಯಿತು. "ಯಾಕೋ ಗವಿಸಿದ್ದ, ಒಳಗ ಬರದಾಂಗ ಎತ್ತಾಗ ಹೊಂಟ್ರಿ? ಹಿಟ್ಟು ಹುಳಿ ಬರ್ತೈತಿ," ಎಂದು ಚನ್ನವೀರಮ್ಮ ಕೂಗುತ್ತಿರುವಾಗಲೇ ಗವಿಸಿದ್ದಪ್ಪ ಓಡಿಬಂದು ಮುಂದಿನ ಸೀಟು ಹತ್ತಿದ.

ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಮಕ್ಕಳು ನೀರಿಗೆ ಓಡಿದರು. ಎರ್ರಣ್ಣ ಜಾಲಿಯ ನೆರಳು ಹುಡುಕಿಕೊಂಡು ಹೋದ. ಕೊಟ್ರಬಸಮ್ಮ ಒಂದು ಬಂಡೆಯ ಮೇಲೆ ಕುಳಿತು ಪಾದಗಳನ್ನು ಇಳಿಬಿಟ್ಟಳು.

ಬಹಳ ಹೊತ್ತಿನ ಮೇಲೆ ಗವಿಸಿದ್ದಪ್ಪ ಹಿಂದೆ ಬಂದು ನಿಂತ. "ಹುಡುಗರಿಗೆ ಹಸಿವಾಗೈತಿ."

"ಗಾಡ್ಯಾಗ ಬಿಜಾಪುರಕ್ಕಂತ ಕಟ್ಟಿದ ಸ್ಟೋವ್ ಐತಿ. ಅಕ್ಕಿ ಐತಿ."

ಅವನು ಜೀಪಿನತ್ತ ನಡೆದ. ಆಮೇಲೆ ಮರಳಿನ ಮೇಲೆ ಪಾತ್ರೆಗಳು ತಾಗುವ ಸದ್ದು ಕೇಳಿಸಿತು. ಕಡ್ಡಿ ಗೀರಿದ, ಗಾಳಿಗೆ ಆರಿತು. ಮತ್ತೊಂದು ಗೀರಿದ.

"ನೀರು ಎಷ್ಟು ಹಾಕಬೇಕು?"

ಕೊಟ್ರಬಸಮ್ಮ ಆಚೆ ದಡದ ರಸ್ತೆಯನ್ನು ನೋಡುತ್ತಿದ್ದಳು. ಉತ್ತರಕ್ಕೆ, ಬಿಜಾಪುರದ ದಿಕ್ಕಿಗೆ ಹೋದ ಬಸ್ಸೊಂದರ ಧೂಳು ಅಲ್ಲಿ ಇನ್ನೂ ಇಳಿದಿರಲಿಲ್ಲ.