ಆನೆಬಲದ ಮಾತ್ರೆ

ರೇಷ್ಮೆ ಹುಳು ಹಣ್ಣಾಯಿತೆಂದರೆ ಯಾರಿಗೂ ಕೂರಲು ಪುರುಸೊತ್ತಿಲ್ಲ. ಹುಳುಗಳನ್ನು ಆಯ್ದು, ಗೂಡು ಕಟ್ಟಲು ಬೇಗಬೇಗ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು. ಸಾತನೂರಿನ ಹತ್ತಿರದ ನಮ್ಮೂರಲ್ಲಿ ಇದಕ್ಕೆಲ್ಲ ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತೇವೆ. ಬಂದವರಿಗೆ ಊಟ, ಕಾಫಿ ಕೊಡುವುದು ವಾಡಿಕೆ. ನಮ್ಮ ಭಾವ ಕರಿಯಪ್ಪನವರು ಸೊಂಟದ ಆಪರೇಷನ್ ಆದಮೇಲೆ ದುಡಿಯುವವರಿಗೆ ಮೈಕೈ ನೋವು ಗೊತ್ತಾಗದಿರಲಿ ಎಂದು ಕಾಫಿಯ ಜೊತೆ ಮಾತ್ರೆಯನ್ನೂ ಕೊಡತೊಡಗಿದರು. ಅದು ಡಾಕ್ಟರು ಅವರ ನೋವಿಗೆ ಬರೆದುಕೊಟ್ಟದ್ದು. ಊರವರು ಅದಕ್ಕೆ 'ಆನೆಬಲ' ಎಂದರು. ಒಂದು ತುದಿ ಕೆಂಪಗಿದ್ದುದರಿಂದ ಹುಡುಗರ ಬಾಯಲ್ಲಿ 'ಕೆಂಪು ಟೋಪಿ'. ಇಷ್ಟು ಮುದ್ದಾದ ಹೆಸರಿಟ್ಟ ಮೇಲೆ ಹೆದರುವವರು ಯಾರು?

ಅವತ್ತು ಭಾವನ ಮನೆಯಲ್ಲಿ ಹುಳು ಹಣ್ಣಾಗಿತ್ತು. ನನ್ನ ಗಂಡ ಅನಂತರಾಜು ಎರಡು ಮಾತ್ರೆ ನುಂಗಿದ್ದರು, ಸ್ವಲ್ಪ ಕುಡಿದೂ ಇದ್ದರು. ಮಧ್ಯಾಹ್ನ ಜಗಲಿಯಲ್ಲಿ ಮಲಗಿದವರು ಎಷ್ಟು ಅಲುಗಿಸಿದರೂ ಏಳಲಿಲ್ಲ.

"ಮನಿಕ್ಕಳ್ಳಿ ಬುಡು ಕಾವೇರಮ್ಮ, ಸುಸ್ತಾಗವ್ನೆ," ಅಂದರು ಭಾವ.

ಪುಣ್ಯಕ್ಕೆ ಆಶಾ ಕಾರ್ಯಕರ್ತೆ ಸೌಮ್ಯ ಅದೇ ಹಾದಿಯಲ್ಲಿ ಬಂದಳು. ಬಗ್ಗಿ ನೋಡಿ ಗಾಬರಿಯಾದಳು.

"ಉಸ್ರು ತೀರಾ ನಿಧಾನ ಐತೆ ಕಣಕ್ಕ, ತುಟಿ ನೀಲಿ ಆಗೈತೆ. ಇದು ನಿದ್ದೆ ಅಲ್ಲ. ಏನ್ ನುಂಗವ್ರೆ?"

"ಆನೆಬಲ ಕಣವ್ವ," ಅಂದೆ.

"ಅದು ನೀವಿಕ್ಕಿರೋ ಹೆಸ್ರು. ಆಸ್ಪತ್ರೇಲಿ ಹಂಗಂದ್ರೆ ಯಾರ್ಗೆ ಗೊತ್ತಾಯ್ತದೆ? ಮಾತ್ರೆ ಶೀಟ್ ತನ್ನಿ!" ಎನ್ನುತ್ತಲೇ ಅವಳು 108ಕ್ಕೆ ಫೋನ್ ಮಾಡಿ, ನನ್ನ ಗಂಡನನ್ನು ಪಕ್ಕಕ್ಕೆ ಹೊರಳಿಸಿದಳು.

ಭಾವ ಇನ್ನೂ ನಂಬಲಿಲ್ಲ. "ಡಾಕ್ಟ್ರೇ ಕೊಟ್ಟಿದ್ದು. ಅದೆಂಗವ್ವ ಇಸ ಆಯ್ತದೆ?"

"ನಿಮ್ಗೆ ಕೊಟ್ಟವ್ರೆ ಕಣಣ್ಣ, ಊರೋರ್ಗಲ್ಲ. ಉಸ್ರು ನೋಡುದ್ರೆ ಇದು ಅಫೀಮಿನ ಜಾತಿ ನೋವಿನ್ ಔಸ್ದಿ ಇರ್ಬೇಕು. ದಿನಾ ತಿಂದ್ರೆ ಚಟ ಹಿಡೀತದೆ. ಜಾಸ್ತಿ ಆದ್ರೆ, ಎಣ್ಣೆ ಜೊತೆ ಸೇರುದ್ರೆ, ಉಸ್ರೇ ನಿಂತೋಯ್ತದೆ."

ಭಾವ ಇನ್ನು ತಡಮಾಡಲಿಲ್ಲ. ಸೊಂಟ ಹಿಡಿದುಕೊಂಡೇ ಓಡಿ ಶೀಟ್ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ನೋಡಿದ ಕೂಡಲೇ ತಕ್ಕ ಔಷಧಿ ಕೊಟ್ಟರು. ಸಂಜೆ ನನ್ನ ಗಂಡ ಕಣ್ಣುಬಿಟ್ಟು, "ಹುಳ ಬುಟ್ರಾ?" ಅಂದರು. ನಾನು ಗೊಳೋ ಎಂದು ಅತ್ತುಬಿಟ್ಟೆ.

ಭಾವ ಸೌಮ್ಯಳಿಗೆ ಕೈಮುಗಿದರು. "ನಿನ್ ಋಣ ತೀರ್ಸಕ್ಕಾಗಾಕಿಲ್ಲ ಕಣವ್ವ. ಇನ್ಮೇಲೆ ಯಾರ್ಗೂ ಒಂದ್ ಮಾತ್ರೆ ಕೊಡಾಕಿಲ್ಲ." ಉಳಿದದ್ದನ್ನು ಬೀಗ ಹಾಕಿ ಇಟ್ಟರು. ನಾನಂತೂ ಆ ಹುಡುಗಿಯನ್ನು ನೆನೆಯದ ದಿನವಿಲ್ಲ.

ಅಕ್ಕ, ಅಣ್ಣ, ನಿಮ್ಮೂರಲ್ಲೂ ಇಂಥ ಮಾತ್ರೆಗೆ ಏನೋ ಒಂದು ಅಡ್ಡಹೆಸರು ಇದ್ದೀತು. ಕಿವಿಗೆ ಬಿದ್ದರೆ ನಕ್ಕು ಸುಮ್ಮನಾಗಬೇಡಿ. ಶೀಟ್ ತೋರಿಸು ಎಂದು ಕೇಳಿ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಚಟ ಹತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಎಬ್ಬಿಸಿದರೂ ಏಳದವರನ್ನು ಮಲಗಲಿ ಎಂದು ಬಿಡಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ಮನೆಯವರು ಇವತ್ತು ನನ್ನ ಪಕ್ಕದಲ್ಲೇ ಕೂತು ಮುದ್ದೆ ಉಂಡರು. ನಿಮ್ಮವರೂ ಹಾಗೇ ಉಣ್ಣಲಿ.